ಜೀವಕೋಶದ ಒಲೆ, ವೈರಸ್ಸಿನ ಓಲೆ

ಅಬಿಡ್ಸ್‌ನ ಪ್ರಧಾನ ಅಂಚೆ ಕಚೇರಿಯಿಂದ ಹೊರಟ ಪತ್ರವು, ವಿಳಾಸ ಸರಿಯಿದ್ದರೆ, ಧಾರವಾಡದ ಮನೆಬಾಗಿಲನ್ನೂ ತಲುಪುತ್ತದೆ. ಆದರೆ ಆ ಮನೆಯ ಬೀಗ ಹಾಕಿದ ಒಳಕೋಣೆಯನ್ನು ಅಂಚೆಯವನು ಪ್ರವೇಶಿಸಲಾರ. ಜೀವವಿಜ್ಞಾನಿಗಳನ್ನು ಬಹುಕಾಲ ಕಾಡಿದ ಸಮಸ್ಯೆಯೊಂದು ಇದೇ ಬಗೆಯದು.

ಮಾನವನ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಎಂಬ ಸೂಕ್ಷ್ಮ ಅಂಗಗಳಿವೆ. ಉಂಡ ಅನ್ನದ ಸಾರವನ್ನು ಉಸಿರಿನ ಆಮ್ಲಜನಕದ ನೆರವಿನಿಂದ ಶಕ್ತಿಯಾಗಿ ಮಾರ್ಪಡಿಸುವ ಒಲೆಗಳಿವು. ಕೋಶಕೇಂದ್ರದ ಡಿ.ಎನ್.ಎ. ಪ್ರಧಾನ ಕಚೇರಿಯ ಲೆಕ್ಕಪುಸ್ತಕವಾದರೆ, ಮೈಟೊಕಾಂಡ್ರಿಯಾವು ತನ್ನದೇ ಕಿರುಪುಸ್ತಕವುಳ್ಳ ಶಾಖೆಯಂತೆ. ಕೇಂಬ್ರಿಜ್‌ನ ವಿಜ್ಞಾನಿಗಳು 1981ರಲ್ಲಿ ಆ ಪುಸ್ತಕವನ್ನು ಪೂರ್ಣವಾಗಿ ಓದಿ ಪ್ರಕಟಿಸಿದರು: 16,569 ಅಕ್ಷರಜೋಡಿಗಳು, 37 ಜೀನುಗಳು. ಇವುಗಳಿಂದ ತಯಾರಾಗುವ ಪ್ರೋಟೀನುಗಳು 13 ಮಾತ್ರ. ಶಾಖೆಗೆ ಬೇಕಾದ ಉಳಿದ ಸಾವಿರಕ್ಕೂ ಮಿಕ್ಕ ಪ್ರೋಟೀನುಗಳು ಪ್ರಧಾನ ಕಚೇರಿಯ ಆದೇಶದಂತೆಯೇ ತಯಾರಾಗುತ್ತವೆ.

ಜೀನೊಂದರ ಕೆಲಸವನ್ನರಿಯಲು ಅದನ್ನು ಮೌನಗೊಳಿಸಿ ಪರಿಣಾಮವನ್ನು ನೋಡುವುದು ಪ್ರಯೋಗಶಾಲೆಯ ಕ್ರಮ. ಪುಸ್ತಕವನ್ನು ಮುಟ್ಟದೆ, ಅದರಿಂದ ಹೊರಟ ಆದೇಶದ ಚೀಟಿಯನ್ನು ಮಾತ್ರ ನಡುದಾರಿಯಲ್ಲಿ ಹರಿಯುವ ಆರ್.ಎನ್.ಎ. ವಿಧಾನವನ್ನು ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ವಿವರಿಸಿದರು. 2006ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ಹರಿಯುವ ಸಂದೇಶವನ್ನು ಕೋಶದೊಳಗೆ ಒಯ್ಯಲು, ಸ್ವಂತ ಜೀನುಗಳನ್ನು ತೆಗೆದುಹಾಕಿದ ಎ.ಎ.ವಿ.ಯಂತಹ ವೈರಸ್ಸನ್ನು ಓಲೆಕಾರನನ್ನಾಗಿ ಬಳಸುತ್ತಾರೆ. ಕೋಶಕೇಂದ್ರದಲ್ಲಿರುವ ಮೈಟೊಕಾಂಡ್ರಿಯಾ ಸಂಬಂಧಿ ಜೀನುಗಳಿಗೆ ಈ ಉಪಾಯ ಸಾಕು.

ಆದರೆ ಮೈಟೊಕಾಂಡ್ರಿಯಾದ ಒಳಗಿನ 37 ಜೀನುಗಳು ಎರಡು ಪೊರೆಗಳ ಹಿಂದಿವೆ, ಆರ್.ಎನ್.ಎ. ಸಂದೇಶವನ್ನು ಅವುಗಳೊಳಕ್ಕೆ ಕಳುಹಿಸುವುದು ದುಸ್ತರ. ಅದಕ್ಕೆ ಬೇರೆಯೇ ದಾರಿ ಕಂಡುಕೊಂಡರು. ಕತ್ತರಿಯಂತಹ ಪ್ರೋಟೀನಿನ ಜೀನನ್ನು ವೈರಸ್ಸು ಕೋಶಕೇಂದ್ರಕ್ಕೆ ಒಯ್ಯುತ್ತದೆ. ಕೋಶವೇ ಆ ಪ್ರೋಟೀನನ್ನು ತಯಾರಿಸುತ್ತದೆ. ಅದಕ್ಕಂಟಿದ ವಿಳಾಸಚೀಟಿಯನ್ನು ಗುರುತಿಸಿ ಮೈಟೊಕಾಂಡ್ರಿಯಾವು ಒಳಗೆ ಬಿಟ್ಟುಕೊಳ್ಳುತ್ತದೆ. 2018ರಲ್ಲಿ ಕೇಂಬ್ರಿಜ್ ಮತ್ತು ಮಿಯಾಮಿಯ ಎರಡು ತಂಡಗಳು ಇಲಿಗಳ ಹೃದಯದಲ್ಲಿ ದೋಷಯುಕ್ತ ಪ್ರತಿಗಳನ್ನು ಹೀಗೆ ಕತ್ತರಿಸಿ ಕಡಿಮೆ ಮಾಡಿ, ಸರಿಯಾದ ಪ್ರತಿಗಳ ಪ್ರಮಾಣವನ್ನು ಹೆಚ್ಚಿಸಿದವು.

ಇಲಿಗಳಲ್ಲಿ ಕಂಡ ಈ ಯಶಸ್ಸು ಮನುಷ್ಯರ ಚಿಕಿತ್ಸೆಯಲ್ಲ. ಮಗುವಿನ ಸ್ನಾಯುದೌರ್ಬಲ್ಯ, ಮೂರ್ಛೆ ಅಥವಾ ದೃಷ್ಟಿನಾಶಕ್ಕೆ ಮೈಟೊಕಾಂಡ್ರಿಯಾ ದೋಷವೇ ಕಾರಣವಾಗಿರುವ ಕುಟುಂಬಗಳು ಇದನ್ನು ಮನಗಾಣಬೇಕು. ಜೀನ್ ಚಿಕಿತ್ಸೆಯ ಹೆಸರಿನಲ್ಲಿ ದುಬಾರಿ ಭರವಸೆ ನೀಡುವವರಿಗೆ ಹಣ ತೆರುವ ಮುನ್ನ ತಜ್ಞರನ್ನು ಕೇಳಬೇಕು. ಆದರೆ ರೋಗನಿರ್ಣಯಕ್ಕೆ ದೂರ ಅಲೆಯಬೇಕಾಗಿಲ್ಲ. 1977ರಲ್ಲಿ ಆರಂಭವಾದ ಸಿ.ಸಿ.ಎಂ.ಬಿ. ಸಂಸ್ಥೆ ಹೈದರಾಬಾದಿನ ಹಬ್ಸಿಗುಡದಲ್ಲಿದೆ. ಅಲ್ಲಿನ ವಿಜ್ಞಾನಿಗಳೂ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಕೂಡಿ ಇಂತಹ ರೋಗಿಗಳ ಡಿ.ಎನ್.ಎ. ಪರಿಶೀಲಿಸಿ ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ.

ರೋಗ ಗುಣವಾಗದಿದ್ದರೂ ನಿರ್ಣಯದಿಂದ ಪ್ರಯೋಜನವುಂಟು. ಮೂರ್ಛೆಗೆ ಕೊಡುವ ವಾಲ್ಪ್ರೊಯೇಟ್ ಔಷಧವು ಕೆಲವು ಮೈಟೊಕಾಂಡ್ರಿಯಾ ದೋಷಗಳಿರುವವರ ಯಕೃತ್ತಿಗೆ ಮಾರಕವಾಗಬಲ್ಲದು. ದೋಷ ತಿಳಿದಿದ್ದರೆ ವೈದ್ಯರು ಬೇರೆ ಔಷಧವನ್ನು ಆರಿಸುತ್ತಾರೆ. ಸ್ವಂತ ಬುದ್ಧಿಯಿಂದ ಮಾತ್ರ ಯಾವ ಔಷಧವನ್ನೂ ನಿಲ್ಲಿಸಲಾಗದು.

ಮೈಟೊಕಾಂಡ್ರಿಯಾದ ಡಿ.ಎನ್.ಎ. ತಾಯಿಯಿಂದಲೇ ಮಕ್ಕಳಿಗೆ ಬರುತ್ತದೆಂದು ಕೇಳಿದೊಡನೆ ಸೊಸೆಯತ್ತ ಬೆರಳು ತೋರುವ ಮನೆಗಳಿಗೆ ಒಂದು ಮಾತು. ಇಂತಹ ಎಷ್ಟೋ ರೋಗಗಳ ಮೂಲ ಕೋಶಕೇಂದ್ರದಲ್ಲಿದ್ದು, ತಂದೆತಾಯಿ ಇಬ್ಬರಿಂದಲೂ ಬಂದಿರುತ್ತದೆ. ತಾಯಿಯಿಂದಲೇ ಬಂದಿದ್ದರೂ ಅದು ಅವಳ ಅಪರಾಧವಲ್ಲ. ತಾನು ಆರಿಸದೆ ಪಡೆದುದನ್ನು ಅವಳು ಅರಿಯದೆ ದಾಟಿಸಿದ್ದಾಳೆ, ಅಷ್ಟೆ.