ಮನೆತನದ ಕಾದಂಬರಿ: ಓದೋಣ, ಕೈದಾಟಿಸೋಣ



ಮುಂಬೈಯಲ್ಲಿ ಇಬ್ಬರು ಕನ್ನಡಿಗರು ಭೇಟಿಯಾದರೆ ಮೊದಲು ಬರುವ ಪ್ರಶ್ನೆ, "ನಿಮ್ಮ ಊರು ಯಾವುದು?" ಅಜ್ಜನಿಗೆ ಉತ್ತರ ಸುಲಭ. ಕುಂದಾಪುರ, ಕುಮಟಾ, ವಿಜಾಪುರ ಎಂದು ಥಟ್ಟನೆ ಹೇಳುತ್ತಾರೆ. ಮಗ "ಮೂಲತಃ ಆ ಕಡೆಯವರು" ಎನ್ನುತ್ತಾನೆ. ಮೊಮ್ಮಗಳು ಮಾತ್ರ "ಡೊಂಬಿವಲಿ" ಎಂದುಬಿಡುತ್ತಾಳೆ! ಒಂದೇ ಮನೆಯ ಮೂರು ಉತ್ತರಗಳು, ಮೂರೂ ಸರಿಯೇ. ಊರು ಬಿಟ್ಟು ಬಂದ ಮನೆತನಗಳ ಕಾದಂಬರಿಗಳು ಈ ಉತ್ತರಗಳ ನಡುವಿನ ದೂರವನ್ನೇ ಕಥೆಯಾಗಿ ಹೇಳುತ್ತವೆ.

ಕನ್ನಡದಲ್ಲಿ ಇಂಥ ಕಾದಂಬರಿ ಬೇಕೆಂದರೆ ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ'ವನ್ನು ಕೈಗೆತ್ತಿಕೊಳ್ಳಬಹುದು. 2009ರಲ್ಲಿ ಪ್ರಕಟವಾದ ಈ ಕೃತಿಗೆ 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿರೀಶ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ' ಚಿತ್ರದ ಚಿತ್ರಕಥೆಗಾಗಿ ಕಾಸರವಳ್ಳಿಯವರ ಜೊತೆ ರಾಷ್ಟ್ರ ಪ್ರಶಸ್ತಿ ಪಡೆದವರೂ ಇದೇ ಪೈಯವರು. ಗೋವೆಯನ್ನು ಬಿಟ್ಟು ತೆಂಕಣಕ್ಕೆ ಬಂದ ಸಾರಸ್ವತ ಕುಟುಂಬಗಳ ಹಲವು ತಲೆಮಾರುಗಳ ಕಥೆ ಇದರಲ್ಲಿದೆ.

ಹಿನ್ನೆಲೆಯ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡರೆ ಓದು ಹಗುರಾಗುತ್ತದೆ. ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡದ್ದು 1510ರಲ್ಲಿ. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಬಂತು. ಆ ದಶಕದಲ್ಲಿ ದೇವಸ್ಥಾನಗಳು ನೆಲಸಮವಾದವು. ಆಗ ದೇವರೂ ಊರು ಬಿಡಬೇಕಾಯಿತು ನೋಡಿ! ವೆರ್ಣೆಯ ಮ್ಹಾಳಸೆ ಮಾರ್ದೋಳಕ್ಕೆ ಬಂದಳು, ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ ಬಂದ. ಆ ಭಾಗ ಆಗ ಪೋರ್ಚುಗೀಸರ ಕೈಯಲ್ಲಿರಲಿಲ್ಲ. ಅನೇಕ ಕುಟುಂಬಗಳು ಇನ್ನೂ ದಕ್ಷಿಣಕ್ಕೆ ಸಾಗಿ ಕಾರವಾರದಿಂದ ಕಾಸರಗೋಡು, ಕೊಚ್ಚಿಯವರೆಗೆ ಕರಾವಳಿಯುದ್ದಕ್ಕೂ ನೆಲೆಸಿದವು. ಮನೆಯಲ್ಲಿ ಕೊಂಕಣಿ ಉಳಿಯಿತು, ವ್ಯವಹಾರಕ್ಕೆ ಆಯಾ ನೆಲದ ಭಾಷೆ ಬಂತು. ಇವರ ಸಂತತಿಯವರೇ ಎಷ್ಟೋ ಜನ ಮುಂದೆ ಮುಂಬೈಗೂ ಬಂದರು. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಗಣಪತಿಯ ಮಂಟಪದಲ್ಲಿ ಕೊಂಕಣಿ, ಕನ್ನಡ, ಮರಾಠಿ ಮೂರೂ ಒಟ್ಟಿಗೆ ಕೇಳಿಬರುವುದಕ್ಕೆ ಈ ಪಯಣವೂ ಒಂದು ಕಾರಣ.

"ನಾವು ಸಾರಸ್ವತರಲ್ಲ, ನಮಗೇನು?" ಎಂದು ಕೆಲವರಿಗೆ ಅನಿಸಬಹುದು. ಹೋಟೆಲಿನಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ತುಳುನಾಡಿನ ಹುಡುಗನಿಗೂ, ಗಿರಣಿಗೆ ಬಂದು ಚಾಳಿನ ಖೋಲಿಯಲ್ಲಿ ಸಂಸಾರ ಹೂಡಿದ ಉತ್ತರ ಕರ್ನಾಟಕದ ಕಾರ್ಮಿಕನಿಗೂ ಎದುರಾದ ಪ್ರಶ್ನೆ ಒಂದೇ: ಏನನ್ನು ಬಿಡುವುದು, ಏನನ್ನು ಉಳಿಸಿಕೊಳ್ಳುವುದು? ಯಶವಂತ ಚಿತ್ತಾಲರ 'ಶಿಕಾರಿ' (1979) ಈ ಮಹಾನಗರದಲ್ಲಿ ಒಬ್ಬಂಟಿಯಾದವನೊಬ್ಬನ ಅಸ್ತಿತ್ವದ ಹುಡುಕಾಟ. ಝುಂಪಾ ಲಾಹಿರಿಯವರ 'ದಿ ನೇಮ್‌ಸೇಕ್' (2003) ಅಮೆರಿಕಕ್ಕೆ ಹೋದ ಬಂಗಾಳಿ ದಂಪತಿಯ ಮಗ ತನ್ನ ಹೆಸರಿನೊಂದಿಗೆ ಗುದ್ದಾಡುವ ಕಥೆ. ದೇಶ ಬೇರೆ, ಕಾಲ ಬೇರೆಯಾದರೂ ಮನೆಯೊಳಗಿನ ಮಾತು ನಮಗೆ ಪರಿಚಿತವೇ.

ಒಂದು ಎಚ್ಚರವೂ ಬೇಕು. ಕಾದಂಬರಿ ಜಾತಿಯ ದಾಖಲೆಯಲ್ಲ, ಕುಲದ ಹೊಗಳಿಕೆಯೂ ಅಲ್ಲ. ನಮ್ಮ ಹಿರಿಯರೂ ಒಂದು ಕಾಲಕ್ಕೆ ಯಾರದೋ ಊರಿಗೆ ಅಪರಿಚಿತರಾಗಿ ಬಂದವರು, ಯಾರೋ ಜಾಗ ಕೊಟ್ಟದ್ದರಿಂದ ನಿಂತವರು ಎಂಬುದು ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯಬೇಕು. ನಿನ್ನೆ ಮೊನ್ನೆ ಈ ನಗರಕ್ಕೆ ಬಂದವರನ್ನು ನೋಡುವ ನಮ್ಮ ದೃಷ್ಟಿಯೂ ಆಗ ಸ್ವಲ್ಪ ಬದಲಾಗುತ್ತದೆ.

ಈಗ ಕಷ್ಟದ ಮಾತಿಗೆ ಬರೋಣ. ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋದಾಗ, ಅಜ್ಜ ತೀರಿಕೊಂಡಾಗ, ಮೊದಲು ರದ್ದಿಯವನ ಪಾಲಾಗುವುದು ಕನ್ನಡ ಪುಸ್ತಕಗಳು. ಮಕ್ಕಳಿಗೆ ಪ್ರೀತಿ ಇಲ್ಲವೆಂದಲ್ಲ. ಮುಂಬೈಯಲ್ಲೇ ಹುಟ್ಟಿದ ಎಷ್ಟೋ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಮಾತ್ರ ಬಾರದು. ಅಂಥವರಿಗೆ ದಪ್ಪ ಪುಸ್ತಕವನ್ನು ಉಡುಗೊರೆ ಕೊಟ್ಟರೆ ಅದು ಕಪಾಟು ಸೇರುತ್ತದೆ, ಅಷ್ಟೇ. ಪುಸ್ತಕವನ್ನು ದಾಟಿಸುವುದಕ್ಕೆ ಬೇರೆ ದಾರಿ ಹುಡುಕಬೇಕು.

ಮೊದಲನೆಯದು, ಗಟ್ಟಿಯಾಗಿ ಓದುವುದು. ರೇಡಿಯೋ ಕೇಳುವ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ! ಕಿವಿಗೆ ಲಿಪಿಯ ಹಂಗಿಲ್ಲ. ಭಾನುವಾರ ಸಂಜೆ ಹತ್ತು ಪುಟ ಸಾಕು. ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ ಇದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮನೆಯವರಿಗಷ್ಟೇ ಕಳಿಸಿ. ಅಜ್ಜಿಯ ದನಿಯೂ ಅದರೊಂದಿಗೆ ಉಳಿಯುತ್ತದೆ.

ಎರಡನೆಯದು, ಒಂದು ಹಾಳೆಯಲ್ಲಿ ಕಾದಂಬರಿಯ ವಂಶವೃಕ್ಷ ಬರೆಯುತ್ತ ಹೋಗಿ. ತಲೆಮಾರುಗಳ ಕಥೆಯಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುವುದರಿಂದ ಓದುವವರಿಗೆ ಇದು ಬಹಳ ಉಪಯೋಗ. ಆ ಹಾಳೆಯ ಹಿಂದೆಯೇ ನಿಮ್ಮ ಮನೆಯದನ್ನೂ ಬರೆಯಿರಿ. ಮುಂಬೈಗೆ ಮೊದಲು ಬಂದವರು ಯಾರು, ಯಾವ ವರ್ಷ, ಹಡಗಿನಲ್ಲೋ ಬಸ್ಸಿನಲ್ಲೋ, ಯಾರ ಖೋಲಿಯಲ್ಲಿ ಇಳಿದರು? ಇದು ಗೊತ್ತಿರುವವರು ಮನೆಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಅವರಿರುವಾಗಲೇ ಕೇಳಬೇಕು.

ಮೂರನೆಯದು, ಓದಿ ಮುಗಿಸಿದವರು ಮೊದಲ ಪುಟದಲ್ಲಿ ಹೆಸರು, ದಿನಾಂಕ, ಬಡಾವಣೆ ಬರೆದು ಮುಂದಿನವರಿಗೆ ಕೊಡಲಿ. ಮಾಟುಂಗದಿಂದ ಮುಲುಂಡಿಗೆ, ಅಲ್ಲಿಂದ ಮೀರಾ ರೋಡಿಗೆ ಪುಸ್ತಕವೂ ವಲಸೆ ಹೋಗಲಿ.

ಅನುವಾದವೇ ಬೇಕೆನ್ನುವ ಮಕ್ಕಳಿಗೂ ದಾರಿಯಿದೆ. ಕನ್ನಡದ ಪ್ರಶಸ್ತಿ ಪಡೆದ ಅನೇಕ ಕೃತಿಗಳು ಸಾಹಿತ್ಯ ಅಕಾಡೆಮಿಯಿಂದ ಬೇರೆ ಭಾಷೆಗಳಲ್ಲಿ ಬಂದಿವೆ. ಅಕಾಡೆಮಿಯ ಮುಂಬೈ ಕಚೇರಿ ದಾದರ್ ಪೂರ್ವದಲ್ಲಿ, ಮರಾಠಿ ಗ್ರಂಥ ಸಂಗ್ರಹಾಲಯ ಮಾರ್ಗದಲ್ಲಿದೆ, ಅಲ್ಲಿ ವಿಚಾರಿಸಬಹುದು. ಮರಾಠಿಯಲ್ಲಿ ಓದಿದ ಮಗ ನಾಳೆ "ಅಪ್ಪಾ, ಕನ್ನಡದಲ್ಲಿ ಈ ಮಾತು ಹೇಗಿದೆ?" ಎಂದು ಕೇಳಿದರೆ, ಮೂಲ ಪುಸ್ತಕ ಮನೆಯಲ್ಲಿರಲಿ.