ವಠಾರದ ಅಂಗಳಗಳಲ್ಲಿ ಬೆಳೆದ ಬರ್ಲಿನ್

ಬರ್ಲಿನ್ ನಗರದ ಒಂದು ಬಡಾವಣೆಯಂತೆ ಇನ್ನೊಂದು ಇಲ್ಲದಿರುವುದಕ್ಕೆ ಮೊದಲ ಕಾರಣವೆಂದರೆ, ಇಂದು ಆ ಹೆಸರಿನಿಂದ ಕರೆಯಲಾಗುವ ಊರು ಒಂದೇ ಊರಾಗಿ ಹುಟ್ಟಿದ್ದಲ್ಲ. 1920ರ ಅಕ್ಟೋಬರ್ 1ರಂದು ಜಾರಿಗೆ ಬಂದ ಬೃಹತ್ ಬರ್ಲಿನ್ ಕಾಯ್ದೆಯು ಹಳೆಯ ರಾಜಧಾನಿಗೆ ಏಳು ನಗರಗಳನ್ನೂ 59 ಗ್ರಾಮಗಳನ್ನೂ 27 ಜಮೀನುದಾರಿ ಎಸ್ಟೇಟುಗಳನ್ನೂ ಸೇರಿಸಿದಾಗ, ಅದರ ವಿಸ್ತೀರ್ಣ ಸುಮಾರು 66 ಚದರ ಕಿಲೋಮೀಟರಿನಿಂದ 878ಕ್ಕೆ ಹಿಗ್ಗಿ, ಜನಸಂಖ್ಯೆ 38 ಲಕ್ಷದಷ್ಟಾಯಿತು. ಸ್ಪಾಂಡಾವ್, ಕೋಪೆನಿಕ್, ಶಾರ್ಲೊಟನ್‌ಬುರ್ಗ್ ಮೊದಲಾದವು ತಮ್ಮದೇ ಪುರಭವನ, ಪೇಟೆ, ಚರ್ಚುಗಳೊಡನೆ ಬಂದು ಸೇರಿದ ಊರುಗಳಾದ್ದರಿಂದ ಅವುಗಳ ಹಳೆಯ ಚಹರೆ ಇಂದಿಗೂ ಅಳಿದಿಲ್ಲ. ಆಡಳಿತದ ಅನುಕೂಲಕ್ಕೆಂದು ನಗರವನ್ನು ಈಗ 12 ಜಿಲ್ಲೆಗಳಾಗಿ ವಿಂಗಡಿಸಿದ್ದರೂ, ನಿವಾಸಿಗಳು ತಮ್ಮದೆಂದು ಅಭಿಮಾನದಿಂದ ಹೇಳಿಕೊಳ್ಳುವುದು ನಾಲ್ಕಾರು ಬೀದಿ, ಒಂದು ಚೌಕ, ಒಂದಿಷ್ಟು ಅಂಗಡಿಗಳಿರುವ ಕೇರಿಯನ್ನು. ಅದನ್ನು ಬರ್ಲಿನ್ನಿಗರು ‘ಕೀಟ್ಸ್’ ಎನ್ನುತ್ತಾರೆ.

ಇಂಥ ಕೇರಿಗಳಲ್ಲಿ ಬಹಳಷ್ಟು ವಲಸಿಗರು ಕಟ್ಟಿದವು. ಫ್ರಾನ್ಸಿನಿಂದ ಹೊರದೂಡಲ್ಪಟ್ಟ ಹ್ಯೂಗೆನಾಟರಿಗೆ, ಅಂದರೆ ಅಲ್ಲಿನ ಪ್ರೊಟೆಸ್ಟಂಟರಿಗೆ, 1685ರ ಪಾಟ್ಸ್‌ಡಾಮ್ ಶಾಸನವು ಆಶ್ರಯ ನೀಡಿತು. ಕ್ಯಾಥೊಲಿಕ್ ಆಳ್ವಿಕೆಯ ಕಿರುಕುಳ ತಾಳಲಾರದೆ ಬೊಹೀಮಿಯಾದಿಂದ, ಅಂದರೆ ಇಂದಿನ ಚೆಕ್ ನಾಡಿನಿಂದ, ಬಂದ ಪ್ರೊಟೆಸ್ಟಂಟರಿಗೆ 1737ರಲ್ಲಿ ಪ್ರಶ್ಯದ ದೊರೆ ಒಂದನೆಯ ಫ್ರೀಡ್ರಿಶ್ ವಿಲ್‌ಹೆಲ್ಮ್ ನಗರದ ಹೊರಗಿನ ರಿಕ್ಸ್‌ಡೋರ್ಫ್ ಹಳ್ಳಿಯಲ್ಲಿ ಭೂಮಿ ಕೊಟ್ಟನು. ಆ ಹಳ್ಳಿ ಮುಂದೆ ದೊಡ್ಡ ಪಟ್ಟಣವಾಗಿ, 1912ರಲ್ಲಿ ನಾಯ್‌ಕೋಲ್ನ್ ಎಂಬ ಹೆಸರು ಪಡೆಯಿತಾದರೂ, ಅದರ ರಿಶಾರ್ಡ್‌ಪ್ಲಾಟ್ಸ್ ಚೌಕದಲ್ಲಿ ಹಳೆಯ ಕಮ್ಮಾರಸಾಲೆಯೂ ಪಕ್ಕದ ಓಣಿಯಲ್ಲಿ ಬೊಹೀಮಿಯನ್ನರ ತಗ್ಗು ಮನೆಗಳೂ ಉಳಿದಿವೆ. ಅಲ್ಲಿಂದ ನಡೆದೇ ತಲುಪಬಹುದಾದ ಸೊನ್ನೆನಾಲೆ ಎಂಬ ಮುಖ್ಯಬೀದಿಯಲ್ಲಿ ಇಂದು ಕಾಣುವುದು ಲೆಬನಾನ್, ಪ್ಯಾಲೆಸ್ಟೈನ್ ಮತ್ತು ಸಿರಿಯಾಗಳಿಂದ ಯುದ್ಧಕ್ಕೆ ಬೆದರಿ ಬಂದವರ ಬೇಕರಿಗಳು, ದಿನಸಿ ಅಂಗಡಿಗಳು.

ಹಳ್ಳಿಗಳ ನಡುವಿನ ಹೊಲಗಳು ನಗರವಾದ ಬಗೆಯನ್ನು ತಿಳಿಯಲು ಜೇಮ್ಸ್ ಹೋಬ್ರೆಕ್ಟ್ ಎಂಬ ಎಂಜಿನಿಯರನ 1862ರ ನಕ್ಷೆಯನ್ನು ನೋಡಬೇಕು. ಆಗ ಐದು ಲಕ್ಷದಷ್ಟಿದ್ದ ಜನಸಂಖ್ಯೆ ಕೈಗಾರಿಕೆಗಳ ಸೆಳೆತದಿಂದ 1877ರ ಹೊತ್ತಿಗೆ ಹತ್ತು ಲಕ್ಷ ದಾಟಿತು. ನಕ್ಷೆಯು ಅಗಲವಾದ ಬೀದಿಗಳನ್ನೂ ಚೌಕಗಳನ್ನೂ ಗುರುತಿಸಿತೇ ಹೊರತು, ಬೀದಿಗಳ ನಡುವೆ ಉಳಿದ ವಿಶಾಲ ನಿವೇಶನಗಳ ಒಳಗೆ ಏನಿರಬೇಕೆಂಬುದನ್ನು ಭೂಮಾಲೀಕರಿಗೇ ಬಿಟ್ಟಿತು. ಕಟ್ಟಡಗಳ ಕುರಿತು 1853ರಿಂದ ಇದ್ದ ಪೊಲೀಸ್ ನಿಯಮವು ಕೇಳುತ್ತಿದ್ದುದಾದರೂ ಅತ್ಯಲ್ಪ: ಪ್ರತಿ ಅಂಗಳ ಉದ್ದಗಲ ಎರಡರಲ್ಲೂ ಕನಿಷ್ಠ 5.34 ಮೀಟರ್ ಇರಬೇಕು, ಏಕೆಂದರೆ ಬೆಂಕಿ ನಂದಿಸುವ ಬಂಡಿ ತಿರುಗಲು ಅಷ್ಟು ಜಾಗ ಬೇಕಿತ್ತು. ಮನುಷ್ಯರಿಗೆ ಬೇಕಾದ ಬೆಳಕು, ಗಾಳಿಗಳು ಆ ಅಳತೆಯ ಲೆಕ್ಕಕ್ಕೆ ಬರಲೇ ಇಲ್ಲವೆಂಬುದು ಬರ್ಲಿನ್ ಚರಿತ್ರೆಯ ನೋವಿನ ಸಂಗತಿಗಳಲ್ಲೊಂದು.

ಹೀಗೆ ಹುಟ್ಟಿದ್ದೇ ‘ಮೀಟ್ಸ್‌ಕಸೆರ್ನೆ’, ಅಂದರೆ ಸೈನಿಕರ ಬ್ಯಾರಕ್ಕನ್ನು ನೆನಪಿಸುವ ಐದಂತಸ್ತಿನ ಬಾಡಿಗೆ ವಠಾರ. ಬೀದಿಗೆ ಮುಖಮಾಡಿದ ಮುಂಗಟ್ಟಡದಲ್ಲಿ ಎತ್ತರದ ಚಾವಣಿ, ಗಾರೆಯ ಅಲಂಕಾರಗಳಿದ್ದು ಅಧಿಕಾರಿಗಳೂ ವರ್ತಕರೂ ವಾಸಿಸಿದರೆ, ಕಮಾನಿನ ಕೆಳಗೆ ಹಾದು ಮೊದಲ ಅಂಗಳ, ಅದರಾಚೆ ಎರಡನೆಯದು, ಮೂರನೆಯದು ಎಂದು ಒಳಹೋದಷ್ಟೂ ಬೆಳಕು ಕಡಿಮೆಯಾಗಿ, ಬಾಡಿಗೆ ಇಳಿದು, ಒಂದೇ ಕೋಣೆ ಮತ್ತು ಅಡುಗೆಮನೆಯಲ್ಲಿ ಇಡೀ ಸಂಸಾರ ಸಾಗಿಸುವ ಕಾರ್ಮಿಕರ ನೆಲೆ ಎದುರಾಗುತ್ತಿತ್ತು. ಸಿರಿವಂತರೂ ಬಡವರೂ ಒಂದೇ ಬಾಗಿಲಿನಲ್ಲಿ ಓಡಾಡಿದರೆ ಪರಸ್ಪರ ಕಾಳಜಿ ಬೆಳೆದೀತೆಂದು ಹೋಬ್ರೆಕ್ಟ್ ನಂಬಿದ್ದನು. ಆದರೆ ವೆಡ್ಡಿಂಗ್ ಪ್ರದೇಶದಲ್ಲಿ 1873–74ರಲ್ಲಿ ಎದ್ದ ಮೈಯರ್ಸ್ ಹೋಫ್ ವಠಾರದಲ್ಲಿ ಒಂದರ ಹಿಂದೊಂದು ಆರು ಅಂಗಳಗಳಿದ್ದು, ಜನ ಕಿಕ್ಕಿರಿದ ವರ್ಷಗಳಲ್ಲಿ ಅಲ್ಲಿ ಸುಮಾರು 2,000 ಮಂದಿ ವಾಸಿಸಿದರೆಂಬುದು ಆ ನಂಬಿಕೆಗೆ ಒದಗಿದ ಗತಿಯನ್ನು ತಿಳಿಸುತ್ತದೆ. ಇದರಿಂದ ಬೇಸತ್ತ ವಾಸ್ತುಶಿಲ್ಪಿ ಬ್ರೂನೊ ಟಾಟ್, ಮಾರ್ಟಿನ್ ವಾಗ್ನರ್ ಜೊತೆಗೂಡಿ ಬ್ರಿಟ್ಸ್‌ನಲ್ಲಿ 1925ರಿಂದ ಕಟ್ಟಿದ ಕುದುರೆ ಲಾಳಾಕಾರದ ವಸತಿ ಸಮುಚ್ಚಯದಲ್ಲಿ ಕಾರ್ಮಿಕರಿಗೂ ಕೈತೋಟ, ಬಿಸಿಲು ದೊರೆತವು. 2008ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು.

1961ರ ಆಗಸ್ಟ್ 13ರಂದು ಪೂರ್ವ ಮತ್ತು ಪಶ್ಚಿಮ ಬರ್ಲಿನ್‌ಗಳ ನಡುವೆ ಎದ್ದ ಗೋಡೆಯು ಬಡಾವಣೆಗಳ ಭವಿಷ್ಯವನ್ನು ಮತ್ತೊಮ್ಮೆ ಬದಲಿಸಿತು. ನಗರದ ನಡುವಿನಲ್ಲಿದ್ದ ಕ್ರಾಯ್ಟ್ಸ್‌ಬೆರ್ಗ್ ಒಮ್ಮೆಲೇ ಪಶ್ಚಿಮ ಬರ್ಲಿನ್ನಿನ ಅಂಚಿನ ಮೂಲೆಯಾಯಿತು. ಪೂರ್ವದಿಂದ ದಿನವೂ ಬರುತ್ತಿದ್ದ ಕಾರ್ಮಿಕರು ನಿಂತುಹೋದ ಆ ವರ್ಷವೇ, ಅಕ್ಟೋಬರ್ 30ರಂದು, ಪಶ್ಚಿಮ ಜರ್ಮನಿಯು ಟರ್ಕಿಯೊಡನೆ ಕಾರ್ಮಿಕ ನೇಮಕಾತಿ ಒಪ್ಪಂದ ಮಾಡಿಕೊಂಡಿತು. ಒರಾನಿಯನ್‌ಪ್ಲಾಟ್ಸ್ ಚೌಕದ ಮೂಲಕ ಹೆದ್ದಾರಿ ಹಾಯಿಸುವ ಯೋಜನೆಯಿದ್ದುದರಿಂದ ಮಾಲೀಕರು ದುರಸ್ತಿ ಮಾಡದೆ ಕೈಬಿಟ್ಟಿದ್ದ ಹಿಂಗಟ್ಟಡಗಳಲ್ಲಿ ಹೀಗೆ ಟರ್ಕಿಯಿಂದ ಬಂದ ಕಾರ್ಮಿಕರ ಕುಟುಂಬಗಳು ನೆಲೆಸಿದವು; ಖಾಲಿ ಮನೆಗಳಿಗೆ ನುಗ್ಗಿ, ತಾವೇ ಚಾವಣಿ, ನಲ್ಲಿ ಸರಿಪಡಿಸಿಕೊಂಡು ವಾಸಿಸಿದ ಯುವಜನರ ಚಳವಳಿ 1980ರ ನಂತರ ಬಲಗೊಂಡಿತು. ಹಾರ್ಟ್-ವಾಲ್ಟರ್ ಹೆಮರ್ ಎಂಬ ವಾಸ್ತುಶಿಲ್ಪಿಯ ಮುಂದಾಳುತನದಲ್ಲಿ ರೂಪುಗೊಂಡ ‘ಜಾಗರೂಕ ನವೀಕರಣ’ದ 12 ಸೂತ್ರಗಳು, ಕೆಡವದೆ ದುರಸ್ತಿ ಮಾಡಬೇಕು, ನಿವಾಸಿಗಳನ್ನು ಕೇಳಿಯೇ ಮಾಡಬೇಕು ಎಂದು ಸಾರಿದವು. ಇಂದಿನ ಕ್ರಾಯ್ಟ್ಸ್‌ಬೆರ್ಗ್ ಉಳಿದಿರುವುದು ಈ ಸಾಮಾನ್ಯ ಜನರ ಹಟದಿಂದಲೇ ಎಂದರೆ ಅತಿಶಯೋಕ್ತಿಯಲ್ಲ.

ಅಂಥ ಹಟದ ಒಂದು ಕುರುಹು ಅಲ್ಲಿನ ಸಂತ ಥಾಮಸ್ ಚರ್ಚಿನ ಹಿಂದೆ ಈಗಲೂ ಇದೆ. ಗೋಡೆಯನ್ನು ನೇರವಾಗಿ ಕಟ್ಟಿದ್ದರಿಂದ ಪೂರ್ವಕ್ಕೆ ಸೇರಿದ ತ್ರಿಕೋನಾಕಾರದ ತುಂಡುನೆಲವೊಂದು ಪಶ್ಚಿಮದ ಕಡೆಗೆ ಉಳಿದು ಕಸದ ತಿಪ್ಪೆಯಾಗಿತ್ತು. ಟರ್ಕಿಯಿಂದ ಬಂದಿದ್ದ ನಿವೃತ್ತ ಕಾರ್ಮಿಕರೊಬ್ಬರು 1980ರ ದಶಕದಲ್ಲಿ ಅದನ್ನು ಹಸನು ಮಾಡಿ ಈರುಳ್ಳಿ, ಬೆಳ್ಳುಳ್ಳಿ ಬೆಳೆದರು. ಪಶ್ಚಿಮದ ಪೊಲೀಸರಿಗೆ ಆ ನೆಲದ ಮೇಲೆ ಅಧಿಕಾರವಿರಲಿಲ್ಲ, ಪೂರ್ವದ ಕಾವಲುಗಾರರು ಸುಮ್ಮನಾದರು. ಹಳೆಯ ಹಲಗೆ, ತಗಡುಗಳಿಂದ ಅವರು ಅಲ್ಲಿ ಕಟ್ಟಿದ ಮನೆ ಗೋಡೆ ಬಿದ್ದ ಮೇಲೂ ನಿಂತಿದೆ.

ಪೂರ್ವದ ಮಾರ್ಸಾನ್‌ನಲ್ಲಿ 1970ರ ದಶಕದಿಂದ ಸಿದ್ಧ ಕಾಂಕ್ರೀಟ್ ಫಲಕಗಳ ಬಹುಮಹಡಿ ಕಟ್ಟಡಗಳು ಎದ್ದವು. ಸಮಾಜವಾದಿ ಸರ್ಕಾರದ ಗುತ್ತಿಗೆಯ ಮೇಲೆ ಬಂದ ವಿಯೆಟ್ನಾಮಿಗಳಿಂದಾಗಿ ಲಿಶ್ಟನ್‌ಬೆರ್ಗ್‌ನಲ್ಲಿ ಡಾಂಗ್ ಸುವಾನ್ ಮಾರುಕಟ್ಟೆ ಬೆಳೆಯಿತು. ಇತ್ತ ಪ್ರೆನ್ಸ್‌ಲಾವರ್ ಬೆರ್ಗ್‌ನ ಹಳೆಯ ವಠಾರಗಳು 1989ರಲ್ಲಿ ಗೋಡೆ ಬಿದ್ದ ನಂತರ ನವೀಕರಣಗೊಂಡಂತೆ ಬಾಡಿಗೆ ಏರಿ, ಹಳೆಯ ಒಕ್ಕಲುಗಳು ಜಾಗ ಖಾಲಿ ಮಾಡಬೇಕಾಯಿತು. ಅದನ್ನು ತಡೆಯಲು ಹಲವು ಕೇರಿಗಳನ್ನು ‘ಮಿಲ್ಯೋಶುಟ್ಸ್’ ಅಂದರೆ ನಿವಾಸಿ ಸಂರಕ್ಷಣಾ ವಲಯಗಳೆಂದು ಘೋಷಿಸಲಾಗಿದ್ದು, ಅಲ್ಲಿ ಮನೆಯನ್ನು ಐಷಾರಾಮಿಗೊಳಿಸಲು ಜಿಲ್ಲಾಡಳಿತದ ಅನುಮತಿ ಬೇಕು. ಬಾಡಿಗೆಗೆ ಮಿತಿ ಹೇರಿದ 2020ರ ಕಾಯ್ದೆಯನ್ನು ಮರುವರ್ಷ ಸಂವಿಧಾನ ನ್ಯಾಯಾಲಯ ರದ್ದುಪಡಿಸಿತು; ಅದೇ 2021ರ ಸೆಪ್ಟೆಂಬರ್ 26ರ ಜನಮತಗಣನೆಯಲ್ಲಿ, 3,000ಕ್ಕಿಂತ ಹೆಚ್ಚು ಮನೆಗಳಿರುವ ಖಾಸಗಿ ಕಂಪನಿಗಳ ಆಸ್ತಿಯನ್ನು ಸಾರ್ವಜನಿಕ ಒಡೆತನಕ್ಕೆ ತರಬೇಕೆಂದು ಅರ್ಧಕ್ಕಿಂತ ಹೆಚ್ಚು ಮತದಾರರು ಹೇಳಿದರು. ಆ ಜನತೀರ್ಪನ್ನು ಸರ್ಕಾರ ಪಾಲಿಸಲೇಬೇಕೆಂಬ ಕಟ್ಟುಪಾಡು ಮಾತ್ರ ಇರಲಿಲ್ಲ.