ಶತ್ರುವಿನ ಮಕ್ಕಳು

ಮನೆಯ ಮಕ್ಕಳು ಹಸಿದಿರುವಾಗ ಪರದೇಶದ ಮಕ್ಕಳಿಗೆ ಅನ್ನವೇಕೆಂಬ ಪ್ರಶ್ನೆಯು ಎಲ್ಲ ದೇಶಗಳಲ್ಲಿಯೂ ಏಳತಕ್ಕದ್ದೇ. 1919ರ ಇಂಗ್ಲೆಂಡಿನಲ್ಲಿ ಅದು ಮತ್ತಷ್ಟು ಕಟುವಾಗಿದ್ದಿತು. ಹಸಿದವರು ಶತ್ರುವಿನ ಮಕ್ಕಳು. 1918ರ ನವೆಂಬರಿನಲ್ಲಿ ಯುದ್ಧವು ನಿಂತರೂ ಮಿತ್ರರಾಷ್ಟ್ರಗಳ ನೌಕಾದಿಗ್ಬಂಧನವು ನಿಲ್ಲಲಿಲ್ಲ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಹಾಲಿಲ್ಲದೆ ಕೂಸುಗಳು ಎಲುಬುಗೂಡಾಗುತ್ತಿದ್ದುವು. ಕುಮಾರಿ ಎಗ್ಲಂಟೈನ್ ಜೆಬ್ ಎಂಬಾಕೆಯು ಅಂಥ ಮಕ್ಕಳ ಚಿತ್ರವುಳ್ಳ ಕರಪತ್ರಗಳನ್ನು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿದಳು. ಸೆನ್ಸಾರರ ಅನುಮತಿಯಿಲ್ಲವೆಂದು ಆಕೆಯನ್ನು ಹಿಡಿದು ನ್ಯಾಯಸ್ಥಾನದಲ್ಲಿ 5 ಪೌಂಡು ದಂಡ ವಿಧಿಸಿದರು. ಆಕೆಗೆ ವಿರುದ್ಧವಾಗಿ ವಾದಿಸಿದ ಸರ್ಕಾರಿ ವಕೀಲನೇ ಆ ಮೊತ್ತವನ್ನು ಆಕೆಯ ಕೈಗಿತ್ತನಂತೆ!

ಅದೇ ಮೇ 19ರಂದು ಆಲ್ಬರ್ಟ್ ಹಾಲಿನ ಮಹಾಸಭೆಯಲ್ಲಿ ಆಕೆಯೂ ಸೋದರಿ ಡೊರೊಥಿ ಬಕ್ಸ್ಟನ್ನರೂ 'ಸೇವ್ ದಿ ಚಿಲ್ಡ್ರನ್' ನಿಧಿಯನ್ನು ಆರಂಭಿಸಿದರು. 1921ರ ರಷ್ಯಾ ಕ್ಷಾಮದಲ್ಲಿ ಈ ನಿಧಿಯು ಅನ್ನವಿಕ್ಕಹೊರಟಾಗ, ಮನೆಯ ಮಕ್ಕಳ ಗತಿಯೇನೆಂದು ಲಂಡನ್ನಿನಲ್ಲಿ ಪುನಃ ಕೂಗೆದ್ದಿತು. ಚಂದಾಪಟ್ಟಿಯನ್ನು ಹಿಡಿದು ಬೀದಿ ಸುತ್ತಿದ ವಾಚಕರು ಬಲ್ಲರು: ಹೀಗೆ ಕೇಳುವ ಮಹನೀಯರು ಮನೆಯ ಮಕ್ಕಳ ಪಟ್ಟಿಗಾದರೂ ರುಜು ಹಾಕುವುದು ಅಪೂರ್ವ. ವೋಲ್ಗಾತೀರದ ಸರಾಟೊವ್ ಪ್ರಾಂತದಲ್ಲಿ ಮಕ್ಕಳಿಗೆ ಉಣಿಸಿದ ಆ ನಿಧಿಯೇ 1930ರ ದಶಕದಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಮಕ್ಕಳಿಗಾಗಿ ಶಿಶುವಿಹಾರಗಳನ್ನು ತೆರೆಯಿತು. ಅದನ್ನು ಕಾಣಲು ಕುಮಾರಿ ಜೆಬ್ ಇರಲಿಲ್ಲ. 1928ರಲ್ಲಿ ಜಿನೀವಾ ನಗರದಲ್ಲಿ ತೀರಿಹೋಗಿದ್ದಳು.